ತೇಪೆಗೊಂದು ಸುಳ್ಳು ಹೆಸರು

ನಿನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ತೇಪೆ ಹಾಕುವುದು ಎನ್ನುತ್ತೇನೆ. ಕಂಪ್ಯೂಟರಿನ ಒಡಲಲ್ಲಿ ಕರ್ನೆಲ್ ಎಂಬುದೊಂದಿದೆ. ಮೆಮೊರಿ, ತೆರೆ, ನೆಟ್‌ವರ್ಕ್ ಎಲ್ಲವೂ ಅದರ ಮಾತು ಕೇಳುತ್ತವೆ. ಅದರಲ್ಲಿ ತೂತು ಬಿದ್ದರೆ ಮುಚ್ಚುವವರಲ್ಲಿ ನಾನೂ ಒಬ್ಬಳು. ನಮ್ಮವರ ಬಾಯಲ್ಲಿ ಆ ತೇಪೆ ಪ್ಯಾಚ್.

ಕಳೆದ ತಿಂಗಳು ಸಿಕ್ಕ ತೂತು ಬಹಳ ಕೆಟ್ಟದ್ದು. ಕೆಲಸ ಮುಗಿದು ಬಿಟ್ಟುಕೊಟ್ಟ ಮೆಮೊರಿಯ ತುಂಡೊಂದನ್ನು ಹಳೆಯ ಗುರುತು ಹಿಡಿದು ಮತ್ತೆ ಮುಟ್ಟಬಹುದಿತ್ತು. ಬಾಡಿಗೆಯವನು ಮನೆ ಖಾಲಿ ಮಾಡಿದರೂ ಕೀಲಿ ಅವನ ಜೇಬಿನಲ್ಲೇ ಉಳಿದ ಹಾಗೆ. ಅದೇ ನೆಟ್‌ವರ್ಕಿನಲ್ಲಿ ಕೂತ ಯಾವನಾದರೂ ಇಡೀ ಯಂತ್ರವನ್ನು ಕೈವಶ ಮಾಡಿಕೊಳ್ಳಬಹುದಿತ್ತು. ಅದನ್ನು ಕಂಡುಹಿಡಿದ ಸಂಶೋಧಕ ಪುಣ್ಯಾತ್ಮ. ನಮಗೆ ಗುಟ್ಟಾಗಿ ತಿಳಿಸಿ, ನಾಲ್ಕು ವಾರ ಸಮಯ ಕೊಟ್ಟು, ಇಂಥ ಗುರುವಾರ ಸಂಜೆ ನಾಲ್ಕಕ್ಕೆ ಎಲ್ಲವನ್ನೂ ಪ್ರಕಟಿಸುತ್ತೇನೆ ಎಂದ. ಅಲ್ಲಿಯವರೆಗೆ ವಿಷಯ ನಮ್ಮ ತಂಡದ ನಾಲ್ವರಲ್ಲೇ ಇರಬೇಕು. ಬಾಯಿಬಿಟ್ಟವರಿಗೆ ಮರುದಿನದಿಂದ ಕೆಲಸವಿಲ್ಲ.

ನಮ್ಮ ಪ್ಯಾಚ್‌ಗಳನ್ನು ಯಾರು ಬೇಕಾದರೂ ಓದಬಹುದು. ಕಳ್ಳರೂ ಓದುತ್ತಾರೆ. ಹಾಗಾಗಿ ಇಂಥವಕ್ಕೆ ಯಾರೂ ತಿರುಗಿ ನೋಡದ ಹೆಸರಿಡುವುದು ರೂಢಿ. ನಾನು ‘ಸಣ್ಣ ಶುಚಿ ಕೆಲಸ’ ಎಂದು ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕರ್ನೆಲ್ಲಿನ ಆರು ವರ್ಷ ಹಳೆಯ ಆವೃತ್ತಿಯೊಂದು ಇನ್ನೂ ಎಷ್ಟೋ ಯಂತ್ರಗಳಲ್ಲಿ ನಡೆಯುತ್ತಿದೆ. ಅದನ್ನು ನೋಡಿಕೊಳ್ಳುವ ಹಿರಿಯರನ್ನು ನಾವೆಲ್ಲ ಗೊಣಗಪ್ಪ ಎನ್ನುತ್ತೇವೆ. ಅದು ಅವರಿಗೂ ಗೊತ್ತು. ನಮ್ಮ ಹೊಸ ಪ್ಯಾಚ್‌ಗಳಲ್ಲಿ ಹಳೆಯದಕ್ಕೆ ಯಾವುದು ಬೇಕು, ಯಾವುದು ಬೇಡ ಎಂದು ಮೊದಲು ಒಂದು ಪ್ರೋಗ್ರಾಂ ಆರಿಸುತ್ತದೆ. ನನ್ನದು ತಾನಾಗಿಯೇ ಹೋಗಿ ಸೇರಿರುತ್ತದೆ ಎಂದು ನಿಶ್ಚಿಂತೆಯಿಂದ ಇದ್ದೆ. ಆ ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಸುಮ್ಮನೆ ಒಮ್ಮೆ ನೋಡೋಣವೆಂದು ಪಟ್ಟಿ ತೆರೆದೆ. ನನ್ನ ಪ್ಯಾಚ್‌ನ ಮುಂದೆ ಪ್ರೋಗ್ರಾಂ ಬರೆದಿತ್ತು: ‘ಶುಚಿ ಕೆಲಸ. ಬೇಡ.’

ಹಳೆಯ ಆವೃತ್ತಿಯಲ್ಲಿ ಆ ಹೆಸರನ್ನು ಮೂರು ಸಲ ಹುಡುಕಿದೆ. ಇಲ್ಲ. ಅತಿಯಾದರೆ ಅಮೃತವೂ ವಿಷ ಅಂತಾರಲ್ಲ, ಹಾಗಾಯಿತು. ಕಳ್ಳರ ಕಣ್ಣಿಗೆ ಮಣ್ಣೆರಚಲು ಹೋಗಿ ನಮ್ಮವರ ಕಣ್ಣಿಗೇ ಎರಚಿದ್ದೆ.

ಮೊದಲು ನೆನಪಾದವಳು ಅಕ್ಕ. ಅವಳು ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ಹಿರಿಯ ನರ್ಸ್. ಅಲ್ಲಿ ಹನ್ನೊಂದು ಮಕ್ಕಳ ಉಸಿರು, ಎದೆಬಡಿತ ಎಲ್ಲವೂ ಒಂದೇ ದೊಡ್ಡ ತೆರೆಯಲ್ಲಿ ಕಾಣುತ್ತವೆ. ಯಾವ ಮಗುವಿನ ಉಸಿರು ತಪ್ಪಿದರೂ ಆ ಯಂತ್ರ ಕೂಗಿ ಕರೆಯುತ್ತದೆ. ಅದು ನಡೆಯುವುದು ಗೊಣಗಪ್ಪನವರ ಆವೃತ್ತಿಯ ಮೇಲೆ. ಹಿಂದೊಮ್ಮೆ ಹೋದಾಗ ನಾನೇ ನೋಡಿದ್ದೆ. ನಾಲ್ಕು ಗಂಟೆಯ ನಂತರ ಯಾವನೋ ಪೋಕರಿ ಅದರ ಬಾಯಿ ಮುಚ್ಚಿಸಿದರೆ?

ಕಾರಣ ಹೇಳದೆ ಪ್ಯಾಚ್ ಹಾಕಿಸೋಣವೆಂದು ಗೊಣಗಪ್ಪನವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಎಲ್ಲರೂ ಓದುವ ಮೇಲಿಂಗ್ ಲಿಸ್ಟಿಗೆ ಬರೆದರೆ ಡಂಗುರ ಸಾರಿದಂತೆ. ಗುಟ್ಟು ತಿಳಿದ ಉಳಿದ ಮೂವರಿಗೆ ಹೇಳಿದೆ; ಅವರೂ ಗೊಣಗಪ್ಪನವರಿಗೇ ಫೋನ್ ಮಾಡತೊಡಗಿದರು, ಅಷ್ಟೇ ಆದ ಉಪಕಾರ. ಹನ್ನೆರಡೂ ಕಾಲಾಯಿತು. ನಿಯಮ ಹಾಳಾಗಿ ಹೋಗಲಿ, ಕೆಲಸವೂ ಹೋಗಲಿ ಎಂದು ಅಕ್ಕನಿಗೆ ಫೋನ್ ಹಚ್ಚಿದೆ.

“ಅಕ್ಕಾ, ನಿಮ್ಮ ವಾರ್ಡಲ್ಲಿ ಆ ದೊಡ್ಡ ತೆರೆ ಇದೆಯಲ್ಲ, ಅದರ ನೆಟ್‌ವರ್ಕ್ ವೈರು...”

“ಅದರ ಸುದ್ದಿ ಎತ್ತಬೇಡ ನನ್ನ ಹತ್ರ!” ಅಕ್ಕ ಸಿಡಿದಳು. “ಸೋಮವಾರ ನಿಮ್ಮ ಪೈಕಿಯವನೊಬ್ಬ ಬಂದ. ಅಪ್‌ಡೇಟ್ ಅಂತೆ, ಅಪ್‌ಡೇಟು! ನಲವತ್ತು ನಿಮಿಷ ಆರಿಸಿಟ್ಟ. ಮೂರು ಜನ ನರ್ಸ್‌ಗಳು ಹನ್ನೊಂದು ತೊಟ್ಟಿಲ ಮುಂದೆ ಸುತ್ತು ಹೊಡೆದದ್ದೇ ಹೊಡೆದದ್ದು. ನಿಮಗೆಲ್ಲ ಬೇರೆ ಕೆಲಸ ಇಲ್ವೇನೇ?”

“ಏನು ಹಾಕಿದಾನೆ ಅಂತ ಎಲ್ಲಾದ್ರೂ ಬರೆದಿಟ್ಟಿದಾನಾ?”

“ಚೀಟಿ ಅಂಟಿಸಿದಾನೆ. ತಡಿ.”

ಅವಳು ಓದಿದ ಸಂಖ್ಯೆ ಗೊಣಗಪ್ಪನವರು ಆ ಹಳೆಯ ಆವೃತ್ತಿಗೆ ಹೋದ ವಾರ ಹೊರತಂದ ಅಪ್‌ಡೇಟಿನದು. ಆದರೆ ಅದರಲ್ಲಿ ನನ್ನ ಪ್ಯಾಚ್ ಇಲ್ಲವೆಂದು ಆಗಲೇ ನೋಡಿಯಾಗಿತ್ತಲ್ಲ. ವೈರು ಕಿತ್ತುಹಾಕು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಫೋನಿನಲ್ಲಿ ಗೊಣಗಪ್ಪನವರ ಕರೆ ಕಾಣಿಸಿತು. “ಒಂದೇ ನಿಮಿಷ ಅಕ್ಕ” ಎಂದು ಅತ್ತ ತಿರುಗಿದೆ.

“ಏನಮ್ಮಾ, ಹದಿನೇಳು ಮಿಸ್ಡ್ ಕಾಲ್! ಹಲ್ಲು ಕೀಳಿಸ್ಕೊಂಡು ಈಗ ಬರ್ತಿದೀನಿ. ಯಾರಾದ್ರೂ ಹೋಗ್ಬಿಟ್ರೇನೋ ಅಂದ್ಕೊಂಡೆ.”

“ಸರ್, ನನ್ನ ಪ್ಯಾಚ್... ಸಣ್ಣ ಶುಚಿ ಕೆಲಸ ಅಂತ...”

“ಅದಾ? ಹೋದ ವಾರಾನೇ ಹಾಕಿದೀನಿ. ಹಳೇದ್ರಲ್ಲಿ ಆ ಭಾಗವೇ ಬೇರೆ ಥರ ಇದೆ, ನಿಂದು ಕೂರ್ಲಿಲ್ಲ. ನಾನೇ ಹೊಸದಾಗಿ ಬರೆದು ಬೇರೆ ಹೆಸರಿಟ್ಟೆ.”

“ಪ್ರೋಗ್ರಾಂ ಬೇಡ ಅಂದಿತ್ತಲ್ಲ ಸರ್?”

“ಪ್ರೋಗ್ರಾಂಗೆ ನೀನು ಗೊತ್ತಾ? ಹನ್ನೆರಡು ವರ್ಷದಿಂದ ನಿನ್ನ ಕೋಡ್ ನೋಡ್ತಿದೀನಿ, ಒಂದಿನಾನೂ ಶುಚಿ ಮಾಡಿದವಳಲ್ಲ ನೀನು. ಇದ್ದಕ್ಕಿದ್ದ ಹಾಗೆ ಪೊರಕೆ ಹಿಡಿದ್ಲು ಅಂದ್ರೆ ಏನೋ ಇದೆ ಅಂತ ಕೂತು ಓದಿದೆ.”

ಹೋದ ಜೀವ ಬಂದಂತಾಯಿತು. ಇಷ್ಟು ಸಂತೋಷವಾಗಿ ನಾನು ಯಾವತ್ತೂ ಬೈಸಿಕೊಂಡಿಲ್ಲ. ಥ್ಯಾಂಕ್ಸ್ ಹೇಳಲು ಹೋದೆ. “ಬಾಯಲ್ಲಿ ಹತ್ತಿ ಇದೆ, ಇಡ್ತೀನಿ” ಎಂದು ಅವರೇ ಇಟ್ಟರು. ಅಕ್ಕ ಅಷ್ಟರಲ್ಲಿ ಫೋನ್ ಕಟ್ ಮಾಡಿ ಕೆಲಸಕ್ಕೆ ಹೋಗಿದ್ದಳು. ಒಬ್ಬಳೇ ಕೂತು ಅತ್ತುಬಿಟ್ಟೆ.

ನಾಲ್ಕು ಹೊಡೆದು ಐದು ನಿಮಿಷಕ್ಕೆ, ಸುದ್ದಿ ಪ್ರಕಟವಾದ ಮೇಲೆ, ಅಕ್ಕನಿಗೆ ಮೊದಲಿನಿಂದ ಎಲ್ಲವನ್ನೂ ಹೇಳಿದೆ. ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಅದು ಅವಳ ಸ್ವಭಾವವೇ ಅಲ್ಲ.

“ಮಧ್ಯಾಹ್ನ ಇದನ್ನ ಹೇಳೋಕೇ ಫೋನ್ ಮಾಡಿದ್ಯಾ?”

“ಹೂಂ.”

“ಹೇಳಿದ್ರೆ ನಿನ್ನ ಕೆಲಸ?”

“ಹೋಗ್ತಿತ್ತು.”

ಅತ್ತ ವಾರ್ಡಿನ ಬಾಗಿಲು ತೆರೆದ ಸದ್ದು, ಆಮೇಲೆ ಮೆಲ್ಲನೆ ಹೆಜ್ಜೆಯ ಸದ್ದು ಕೇಳಿಸಿತು. ತೊಟ್ಟಿಲಿಂದ ತೊಟ್ಟಿಲಿಗೆ ನಿಂತು ನಿಂತು ಹೋಗುತ್ತಿದ್ದಳು. ನಾನು ಎಣಿಸುತ್ತಾ ಕೂತೆ.

“ಹನ್ನೊಂದೂ ನಿದ್ದೆ ಮಾಡ್ತಿವೆ ಕಣೇ,” ಎಂದು ಪಿಸುಗುಟ್ಟಿದಳು. “ಈಗ ನೀನೂ ಹೋಗಿ ಸ್ವಲ್ಪ ಮಲ್ಕೋ.”