ಆರನೆಯ ಹೂವು

ಪಕ್ಕೀರಮ್ಮ ರೊಟ್ಟಿ ಬಡಿಯುತ್ತಿರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಕುಳಿತು ಹತ್ತು ಹತ್ತು ಖಡಕ್ ರೊಟ್ಟಿ ಎಣಿಸಿ ಕವರಿಗೆ ತುಂಬಿ, ಮೇಣದಬತ್ತಿಯ ಉರಿಗೆ ಕವರಿನ ಬಾಯಿ ಹಿಡಿದು ಅಂಟಿಸುತ್ತಿದ್ದಳು. ಮೂವತ್ತೈದು ವರ್ಷ ಹಂಚಿನ ಮುಂದೆ ಕೂತ ಹೆಂಗಸು! ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅರ್ಚನಾ ಹೊಸ್ತಿಲಲ್ಲೇ ನಿಂತಳು. ಅವಳನ್ನು ಆ ಮೂಲೆಗೆ ಕೂರಿಸಿದ್ದು ಬೇರೆ ಯಾರೂ ಅಲ್ಲ, ತಾನೇ.

"ಬರ್ರಿ ಮೇಡಂ, ಬರ್ರಿ!" ಸಂಘದ ಅಧ್ಯಕ್ಷೆ ನಾಗಲಿಂಗಮ್ಮ ಸೆರಗಿನಿಂದ ಕುರ್ಚಿ ಒರೆಸಿದಳು. "ನಿಮ್ಮ ರಿಸಲ್ಟ್ ಬಂದ ಮ್ಯಾಲೆ ಹರಪನಹಳ್ಳಿ ಹೋಟ್ಲಿನೋರು ಒಂದ ಮಾತು ಅಂದಿಲ್ಲ ನೋಡ್ರಿ."

ಅದಕ್ಕೂ ಮುಂಚೆ ಹೋಟೆಲಿನವರು ಏನೂ ಅಂದಿರಲಿಲ್ಲ. ಅದು ನಾಗಲಿಂಗಮ್ಮನಿಗೆ ಮರೆತೇಹೋಗಿತ್ತು. ಅವಳ ಬೆನ್ನ ಹಿಂದಿನ ಗೋಡೆಯ ಮೇಲೆ ಅರ್ಚನಾಳೇ ಪ್ರಿಂಟ್ ಹಾಕಿಸಿ ಕೊಟ್ಟಿದ್ದ ಹಾಳೆ ಇತ್ತು. ನಾಲ್ಕು ಬಣ್ಣದ ನಾಲ್ಕು ಕಂಬ, ಕೆಳಗೆ ನಾಲ್ಕು ಹೆಸರು. ಎಲ್ಲಕ್ಕಿಂತ ಗಿಡ್ಡ ಕಂಬ ಪಕ್ಕೀರಮ್ಮನದು.

ಅರ್ಚನಾ ಕೊಟ್ಟೂರಿನ ಹುಡುಗಿಯೇ. ಆಹಾರ ವಿಜ್ಞಾನದ ಎಂ.ಎಸ್ಸಿ.ಗೆ ಪ್ರಬಂಧ ಬರೆಯಬೇಕಿತ್ತು, ಊರಲ್ಲೇ ರೊಟ್ಟಿ ಸಂಘ ಇತ್ತು. ಒಂದೇ ಗಿರಣಿಯ ಹಿಟ್ಟು ಕೊಟ್ಟು ಸಂಘದ ನಾಲ್ವರಿಂದ ರೊಟ್ಟಿ ಮಾಡಿಸಿದಳು. ಯಾರ ರೊಟ್ಟಿ ಯಾವುದೆಂದು ಗುರುತಿಗೆ ಪ್ರತಿ ಕಟ್ಟಿಗೂ ಒಂದೊಂದು ಬಣ್ಣದ ದಾರ ಸುತ್ತಿದಳು. ಇಪ್ಪತ್ತು ಜನ ತಿಂದು, ಒಂದರಿಂದ ಒಂಬತ್ತರವರೆಗೆ ಅಂಕ ಕೊಟ್ಟರು. ಸರಾಸರಿ ತೆಗೆದರೆ ಗಿಡ್ಡಮ್ಮನಿಗೆ ಏಳು ಪಾಯಿಂಟ್ ನಾಲ್ಕು, ಪಕ್ಕೀರಮ್ಮನಿಗೆ ಆರು ಪಾಯಿಂಟ್ ಎಂಟು. ಉಳಿದಿಬ್ಬರು ನಡುವೆ.

ಮೊದಲು ಅವಳು ಕಂಪ್ಯೂಟರಿಗೆ ಕೇಳಬೇಕಾದ್ದನ್ನೇ ಕೇಳಿದ್ದಳು: ಈ ನಾಲ್ವರ ನಡುವೆ ನಂಬುವಂಥ ವ್ಯತ್ಯಾಸ ಏನಾದರೂ ಇದೆಯೇ? ಇಲ್ಲ, ಎಂದಿತ್ತು ಅದು. ಇಪ್ಪತ್ತು ನಾಲಗೆ ಅಂದಮೇಲೆ ಇಷ್ಟು ಏರಿಳಿತ ಇದ್ದೇ ಇರುತ್ತದೆ ಎಂಬುದು ಅದರ ಅರ್ಥ. ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ಮೂರು ತಿಂಗಳು ಬಿಸಿಲಲ್ಲಿ ಓಡಾಡಿ 'ಏನೂ ಇಲ್ಲ' ಎಂದು ಬರೆಯಲು ಯಾರಿಗೆ ಮನಸ್ಸು ಬಂದೀತು? ಇವಳು ನಾಲ್ವರನ್ನೂ ಇಬ್ಬಿಬ್ಬರಂತೆ ಜೋಡಿ ಮಾಡಿ ಮತ್ತೆ ಕೇಳಿದಳು. ನಾಲ್ವರಿಗೆ ಆರು ಜೋಡಿ. ಐದಕ್ಕೂ ಇಲ್ಲ ಎಂದಿತು. ಆರನೆಯ ಜೋಡಿ ಗಿಡ್ಡಮ್ಮ–ಪಕ್ಕೀರಮ್ಮರದು. ಅದಕ್ಕೆ ಹೌದು ಎಂದಿತು. ಅರ್ಚನಾ ಅವತ್ತು ಕುಣಿದಾಡಿಬಿಟ್ಟಿದ್ದಳು. ಪ್ರಬಂಧದಲ್ಲಷ್ಟೇ ಬರೆದು ಸುಮ್ಮನಿದ್ದರೂ ಆಗುತ್ತಿತ್ತು, ಕಂಬಗಳ ಚಿತ್ರ ಮಾಡಿಸಿ ಸಂಘಕ್ಕೂ ತಂದುಕೊಟ್ಟಳು. ಮಾರನೆಯ ದಿನವೇ ನಾಗಲಿಂಗಮ್ಮ ಪಕ್ಕೀರಮ್ಮನನ್ನು ಹಂಚಿನಿಂದ ಎಬ್ಬಿಸಿದಳು.

ಹೋದ ವಾರ ಮಾರ್ಗದರ್ಶಕರಾದ ಪ್ರವೀಣಕುಮಾರ್ ಸರ್ ಆ ಪುಟದ ಮೇಲೆ ಪೆನ್ನು ಊರಿದರು. "ಪ್ರತಿ ಸಲ ಕೇಳುವಾಗಲೂ, ಇಲ್ಲದ ವ್ಯತ್ಯಾಸವನ್ನು ಇದೆ ಅಂತ ನಂಬಿ ನೂರಕ್ಕೆ ಐದರಷ್ಟು ಮೋಸ ಹೋಗಬಹುದು ಅಂತ ಒಪ್ಪಿಕೊಂಡೇ ಕೇಳ್ತೀವಿ. ನೀನು ಆರು ಸಲ ಕೇಳಿದ್ದೀಯಲ್ಲಮ್ಮ. ಆ ಮೋಸ ಎಷ್ಟಕ್ಕೆ ಏರಿತು?" ಆರು ಜೋಡಿಯನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿಯುವ ಟೂಕಿ ಪರೀಕ್ಷೆಯನ್ನು ಎದುರಿಗೇ ಕೂರಿಸಿ ಮಾಡಿಸಿದರು. ಆರನೆಯ ಹೌದು ಕೂಡ ಇಲ್ಲ ಆಯಿತು. "ಆ ಟೇಬಲ್ ತೆಗೆದುಬಿಡು, ಅಷ್ಟೇ," ಎಂದರು ಸರ್.

ಟೇಬಲ್ ತೆಗೆಯಲು ಒಂದು ನಿಮಿಷ ಸಾಕಾಯಿತು. ಇಲ್ಲಿಗೆ ಬರಲು ಅವಳಿಗೆ ನಾಲ್ಕು ದಿನ ಬೇಕಾಯಿತು.

ಅರ್ಚನಾ ಕುರ್ಚಿಯಲ್ಲಿ ಕೂರದೆ ಪಕ್ಕೀರಮ್ಮನ ಎದುರು ನೆಲಕ್ಕೆ ಕೂತಳು. "ಅಜ್ಜೀ, ಮನ್ಯಾಗಾದ್ರೂ ರೊಟ್ಟಿ ಬಡಿತೀಯಿಲ್ಲ?"

"ಎಲ್ಲೀದು ಯವ್ವಾ, ಬಿಟ್ಟೀನಿ. ಸೊಸಿ ಮಾಡ್ತಾಳ." ಪಕ್ಕೀರಮ್ಮ ಕವರಿನಿಂದ ಕಣ್ಣೆತ್ತಲಿಲ್ಲ. "ನನ್ನ ಕೈ ಹೋಗೈತಿ ಅಂತ ಕಂಪ್ಯೂಟರ್ನ್ಯಾಗ ಬಂದೈತಲ್ಲ. ನನಗ ತಿಳೀಲೇ ಇಲ್ಲ ನೋಡು. ವಯಸ್ಸಾತು."

ಆ ಮಾತಿನಲ್ಲಿ ಸಿಟ್ಟಿದ್ದಿದ್ದರೆ ಅರ್ಚನಾ ಹೇಗೋ ತಡೆದುಕೊಳ್ಳುತ್ತಿದ್ದಳು. ಮುದುಕಿ ಅದನ್ನು ನಂಬಿಬಿಟ್ಟಿದ್ದಳು.

"ಅದು ತಪ್ಪು," ಎಂದಳು ಎಲ್ಲರಿಗೂ ಕೇಳುವಂತೆ. "ನಾನ ತಪ್ಪು ಮಾಡೀನಿ. ನಿಮ್ಮ ನಾಲ್ಕೂ ಮಂದಿ ರೊಟ್ಯಾಗ ಫರಕು ಐತಿ ಅನ್ನಾಕ ನನ್ನ ಹತ್ರ ಆಧಾರ ಇಲ್ಲ."

ಹಂಚಿನ ಮುಂದಿದ್ದ ಗಿಡ್ಡಮ್ಮನ ಕೈ ನಿಂತಿತು. ನಾಗಲಿಂಗಮ್ಮ ಗೋಡೆಯ ಹಾಳೆಯನ್ನೊಮ್ಮೆ, ಅರ್ಚನಾಳನ್ನೊಮ್ಮೆ ನೋಡಿದಳು. "ಹಂಗಂದ್ರ ಪಕ್ಕೀರಕ್ಕಂದೂ ಗಿಡ್ಡಮ್ಮಂದರಷ್ಟ ಚಲೋ ಅಂತೀರೇನು?"

ಹೂಂ ಅಂದಿದ್ದರೆ ಮುಗಿದಿತ್ತು. ಆ 'ಹೂಂ' ತುಟಿಯವರೆಗೂ ಬಂದಿತ್ತು.

"ಹಂಗೂ ಹೇಳಾಕ ಬರಂಗಿಲ್ರಿ. ಬ್ಯಾರೆ ಅಂತ ಹೇಳಾಕ ಬರಂಗಿಲ್ಲ. ಅಷ್ಟ."

"ಅಯ್ಯ ಶಿವನೇ! ಹೋದ ತಿಂಗಳು ಒಂದು, ಈ ತಿಂಗಳು ಒಂದು. ನಿಮ್ಮ ಮಾತು ಕೇಳಿ ನಾನು ಹಿರೇ ಜೀವಾನ ಮೂಲ್ಯಾಗ ಕುಂದರ್ಸೀನಲ್ರೀ. ಅವಾಗ್ಯಾಕ ಹೌದಂದಿತ್ತು ಆ ಕಂಪ್ಯೂಟರು?"

"ಮೊದ್ಲು ಇಲ್ಲ ಅಂದಿತ್ರಿ. ನಾನ ಬಿಡಲಿಲ್ಲ. ಜೋಡಿ ಜೋಡಿ ಮಾಡಿ ಆರು ಸಲ ಕೇಳಿದೆ. ಕಡೀ ಸಲ ಹೌದಂತು."

ಪಕ್ಕೀರಮ್ಮ ಈಗ ತಲೆ ಎತ್ತಿದಳು. "ಹೂ ಬೀಳೋತನಕ ಕೇಳಿದಿ ಅನ್ನು."

"ಏನಬೇ?" ಎಂದಳು ಅರ್ಚನಾ.

"ನಮ್ಮಣ್ಣ ಇದ್ದ, ಪಾಲಾಕ್ಷಪ್ಪ. ಮಗಳ ಸಂಬಂಧಕ್ಕ ದೇವರಿಗೆ ನೀರಾಗ ಅದ್ದಿದ ಹೂ ಹಚ್ಚಿ ಕೇಳಿದ. ಬಲಕ್ಕ ಬಿದ್ರ ಹೌದು, ಎಡಕ್ಕ ಬಿದ್ರ ಬ್ಯಾಡ ಅಂತ. ಹೂ ಎಡಕ್ಕ ಬಿತ್ತು. ಸರಿ ಹತ್ತಿದ್ದಿಲ್ಲ ಅಂದ, ಮತ್ತ ಹಚ್ಚಿದ. ಮತ್ತ ಎಡಕ್ಕ. ಪೂಜಾರಿ ಮಡಿ ಸರಿ ಇಲ್ಲ ಅಂದ. ಹಿಂಗ ಐದು ಸಲ. ಆರನೇದ್ದು ಬಲಕ್ಕ ಬಿತ್ತು ನೋಡು, ದೇವರು ವರ ಕೊಟ್ಟ ಅಂತ ಊರಿಗೆಲ್ಲ ಸಕ್ರಿ ಹಂಚಿದ."

"ಮುಂದ?"

"ಮುಂದೇನು, ವರ್ಷ ತುಂಬೋದ್ರಾಗ ಹುಡುಗಿ ತವರುಮನಿಗೆ ಬಂದ್ಲು." ಪಕ್ಕೀರಮ್ಮ ಮೇಣದಬತ್ತಿಯ ಉರಿಯನ್ನೇ ನೋಡಿದಳು. "ಗಾಳಿ ಐತಿ, ನೀರು ಆರತೈತಿ. ಕೇಳ್ತಾನ ಹೋದ್ರ ಎಂದಾದ್ರೂ ಒಂದಿನ ಬಲಕ್ಕ ಬಿದ್ದ ಬೀಳತೈತಿ. ದೇವರೇನು ಮಾಡ್ಯಾನು."

"ಹೌದಜ್ಜಿ. ನಂದೂ ಅದ ಆತು." ಅರ್ಚನಾಳ ಕಣ್ಣಲ್ಲಿ ನೀರು ಬಂತು. ಎರಡು ವರ್ಷದ ಪಾಠದಲ್ಲಿ ತಲೆಗೆ ಹತ್ತದ್ದು ಈಗ ಹತ್ತಿತ್ತು.

ಗಿಡ್ಡಮ್ಮ ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. "ಬಾರಬೇ ಅಕ್ಕಾ. ಹಂಚು ಕಾದೈತಿ."

ಪಕ್ಕೀರಮ್ಮ ಅಧ್ಯಕ್ಷೆಯ ಮುಖ ನೋಡಿದಳು. ನಾಗಲಿಂಗಮ್ಮ ತಾನೇ ಮೂಲೆಗೆ ಬಂದು ಕವರಿನ ಕಟ್ಟು ತನ್ನ ಕಡೆ ಎಳೆದುಕೊಂಡಳು.

ಮುದುಕಿ ಮೊಣಕಾಲಿಗೆ ಕೈ ಊರಿ ಎದ್ದಳು. ಹಂಚಿನ ಮುಂದೆ ಕೂತು, ಕೈ ಒದ್ದೆ ಮಾಡಿಕೊಂಡು ಹಿಟ್ಟಿನ ಉಂಡೆ ತೆಗೆದುಕೊಂಡಳು. ಒಂದು ತಿಂಗಳು ಬಿಟ್ಟ ಕೈ. ಬಡಿತ ಮೊದಮೊದಲು ತಡವರಿಸಿತು, ಆಮೇಲೆ ಲಯಕ್ಕೆ ಬಂತು. ಎತ್ತಿ ಹಂಚಿಗೆ ಹಾಕುವಾಗ ಮಾತ್ರ ರೊಟ್ಟಿಯ ಅಂಚು ಹರಿಯಿತು. ಶೆಡ್ಡಿನಲ್ಲಿದ್ದವರೆಲ್ಲ ಅದನ್ನು ಕಂಡರು, ಕಾಣದವರಂತೆ ಕೂತರು.

ಪಕ್ಕೀರಮ್ಮ ಅದನ್ನು ಮುಚ್ಚಿಡಲಿಲ್ಲ. ಒದ್ದೆ ಅರಿವೆಯಿಂದ ನೀರು ಸವರಿ, ಎರಡೂ ಮಗ್ಗುಲು ಬೇಯಿಸಿ, ಹರಿದದ್ದನ್ನು ಹಾಗೇ ತೆಗೆದು ಅರ್ಚನಾಳ ಮುಂದೆ ಹಿಡಿದಳು.

"ತಗಾ, ತಿನ್ನು. ಮೂರು ತಿಂಗಳು ಬರಕೊಂಡಿ, ಒಂದಿನಾನೂ ಬಾಯಾಗ ಹಾಕ್ಲಿಲ್ಲ."

ನಿಜವೇ. ಪರೀಕ್ಷೆ ಮಾಡುವವಳು ರುಚಿ ನೋಡಬಾರದೆಂಬ ನಿಯಮವಿತ್ತು. ಅರ್ಚನಾ ಬಿಸಿ ತುಂಡನ್ನು ಅಂಗೈಯಿಂದ ಅಂಗೈಗೆ ಆಡಿಸಿ ಬಾಯಿಗಿಟ್ಟಳು. ನಾಲಗೆ ಚುರ್ರೆಂದಿತು.

"ಎಷ್ಟು ಕೊಡ್ತಿ?" ಎಂದಳು ಪಕ್ಕೀರಮ್ಮ.

ಅರ್ಚನಾ ತುಂಬಿದ ಬಾಯಲ್ಲೇ ಇನ್ನೊಂದು ತುಂಡಿಗೆ ಕೈ ಚಾಚಿದಳು. ಮುದುಕಿ ನಕ್ಕಳೋ ಇಲ್ಲವೋ, ಹೊಗೆಯಲ್ಲಿ ಕಾಣಲಿಲ್ಲ. ಎರಡನೆಯ ಉಂಡೆ ಆಗಲೇ ಅವಳ ಅಂಗೈ ಕೆಳಗೆ ತಿರುಗುತ್ತಿತ್ತು.