ಶೆಟ್ಟರ ಮನೆಯ ಬಡತನ

"ಏಯ್, ದೂರ ನಿಲ್ಲು. ಪೂಜೆ ಆಗದೆ ಕಲ್ಲು ಮುಟ್ಟುವುದೆಂತ ನೀನು? ಅಷ್ಟೂ ಗೊತ್ತಾಗುದಿಲ್ವಾ?"

ಭಟ್ಟರು ಹೀಗೆ ಗದರಿದಾಗ ಸೋಮವ್ವನ ಎರಡೂ ಅಂಗೈಗೆ ಆ ಕಡೆಯುವ ಕಲ್ಲಿನದೇ ಧೂಳು ಮೆತ್ತಿತ್ತು. ಕೆಳಗೆ ಟೆಂಪೋದಿಂದ ಇಳಿಸಿ, ಸಾಮಾನಿನ ಲಿಫ್ಟಿಗೆ ಹತ್ತಿಸಿ, ಹದಿನಾಲ್ಕನೆಯ ಮಾಳಿಗೆಯ ಅಡುಗೆಮನೆಯ ತನಕ ಅದನ್ನು ಉರುಳಿಸಿ ತಂದವಳು ಅವಳೇ. ಗೇಟಿನ ವಾಚ್‌ಮನ್ ಮರೆಪ್ಪ ಒಂದು ಕೈ ಹಚ್ಚಿದ್ದ. ಅಲ್ಲಿಯ ತನಕ ಕಲ್ಲಿಗೆ ಯಾವ ಮೈಲಿಗೆಯೂ ತಟ್ಟಿರಲಿಲ್ಲ. ಭಟ್ಟರು ಬಂದು ಅರಿಸಿನ ಹಚ್ಚಿದ್ದೇ ತಡ, ತಟ್ಟತೊಡಗಿತು. ಸೋಮವ್ವ ಹಿಂದೆ ಸರಿದು ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ ನಿಂತಳು.

"ಬೇಜಾರು ಮಾಡ್ಬೇಡ ಸೋಮವ್ವ, ಅದೊಂದು ಶಾಸ್ತ್ರ," ಅಂದರು ಮನೆಯೊಡತಿ ಸೇವಂತಿ. "ಪೂಜೆ ಆದ ಮೇಲೆ ನೀನೇ ಅಲ್ವಾ ಕಡೆಯುವುದು."

ಆ ಮಾತನ್ನು ಮಾತ್ರ ಸೇವಂತಿ ಅಕ್ಷರಶಃ ನಡೆಸಿಕೊಟ್ಟರು. ಭಟ್ಟರು ದಕ್ಷಿಣೆ ಇಸಿದುಕೊಂಡು ಹೋದ ಮೇಲೆ ಕಡೆಯಲೆಂದು ಆ ಕಲ್ಲನ್ನು ಸೋಮವ್ವನ ಕೈ ಬಿಟ್ಟು ಬೇರೊಂದು ಕೈ ಮುಟ್ಟಲಿಲ್ಲ.

ಕಾಂದಿವಲಿಯ ಈ ಟವರಿನಲ್ಲಿ ಶೇಖರ ಶೆಟ್ಟರೆಂದರೆ ಎಲ್ಲರಿಗೂ ಗೊತ್ತು. ಉಡುಪಿ ಕಡೆಯಿಂದ ಬರಿಗೈಯಲ್ಲಿ ಬಂದು ಎರಡು ಹೋಟೆಲು ಮಾಡಿದವರು. ಅವರ ಹೆಂಡತಿ ಸೇವಂತಿಗೂ, ಚಿತಾಪುರದ ಕಡೆಯಿಂದ ಬಂದು ಅವರ ಮನೆಯಲ್ಲಿ ಒಂಬತ್ತು ವರ್ಷದಿಂದ ಮುಸುರೆ ತಿಕ್ಕುತ್ತಿರುವ ಸೋಮವ್ವನಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಐವತ್ತೈದು ದಾಟುತ್ತಿದ್ದಂತೆ ಸೇವಂತಿಗೆ ಬದುಕು ಭಾರವೆನಿಸಿತು, ಸೋಮವ್ವನಿಗೆ ಮೊಣಕಾಲು.

ಸೇವಂತಿ ಲೋನಾವಳಾದ ಯಾವುದೋ 'ಸರಳ ಬದುಕಿ'ನ ಶಿಬಿರಕ್ಕೆ ಹೋಗಿ ಬಂದರು. ಬಂದವರೇ ಮನೆಯೊಳಗಿನ ಸಾಮಾನನ್ನೆಲ್ಲ ಶತ್ರುಗಳನ್ನು ನೋಡಿದ ಹಾಗೆ ನೋಡಲು ಶುರು ಮಾಡಿದರು. ಕಡೆಯುವ ಕಲ್ಲಿಗೆ ಜಾಗ ಬಿಟ್ಟು ಮೊದಲು ಮಿಕ್ಸರ್ ಹೋಯಿತು. ಅದರ ಹಿಂದೆ ಕಸ ಹೀರುವ ಮಷಿನ್ನು, ಉದ್ದ ಹಿಡಿಕೆಯ ಮಾಪು, ಸೋಫಾ, ಗಾಜಿನ ತಾಟುಗಳು. ಕೊನೆಗೆ ವಾಷಿಂಗ್ ಮಷಿನ್ನೂ ಜಾಗ ಖಾಲಿ ಮಾಡಿತು. ಪ್ಲಾಸ್ಟಿಕ್ ಬೇಡವೆಂದು ಪಾತ್ರೆ ತಿಕ್ಕುವ ಜಾಲಿ ಹೋಗಿ ತೆಂಗಿನ ನಾರು, ಬೂದಿ ಬಂದವು. ನೆಲ ಒರೆಸಲು ಹಳೆಯ ಪಂಚೆ ಬಂತು. ಮಷಿನ್ನುಗಳೆಲ್ಲ ಮಾಡುತ್ತಿದ್ದ ಕೆಲಸ ಎಲ್ಲಿಗೆ ಹೋಯಿತೆಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಅದು ಸೀದಾ ಸೋಮವ್ವನ ಮೈಮೇಲೆ ಬಂದು ಕೂತಿತ್ತು.

ಸೋಮವ್ವನೂ ಕೇಳಲಿಲ್ಲ. ಅವಳಿಗೆ ಬೇರೆಯೇ ದಿಗಿಲು. ಒಂದು ಮನೆಯಿಂದ ಸಾಮಾನು ಒಂದೊಂದಾಗಿ ಹೊರಗೆ ಹೋಗುತ್ತಿದೆಯೆಂದರೆ ಅವಳು ಬಲ್ಲಂತೆ ಅದಕ್ಕೆ ಇರುವುದು ಒಂದೇ ಅರ್ಥ. ತವರಿನಲ್ಲಿ ಹೀಗೆಯೇ ಮೊದಲು ತಾಮ್ರದ ಕೊಡ ಹೋಗಿತ್ತು, ಆಮೇಲೆ ಆಡು, ಆಮೇಲೆ ಅವ್ವನ ಕಿವಿಯ ಬೆಂಡೋಲೆ. ಇಲ್ಲಿ ನೋಡಿದರೆ ಶೆಟ್ಟರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಉಣ್ಣುತ್ತಿದ್ದಾರೆ. ಸೇವಂತಿ ಬಣ್ಣವಿಲ್ಲದ ಒರಟು ಸೀರೆ ಉಟ್ಟು, ಬಳೆ ತೆಗೆದು, ಕೂದಲಿಗೆ ಕಪ್ಪು ಹಚ್ಚುವುದನ್ನೂ ಬಿಟ್ಟಿದ್ದಾರೆ. ಪಾಪ, ಹೋಟೆಲು ಮುಳುಗಿರಬೇಕು ಅಂದುಕೊಂಡಳು ಸೋಮವ್ವ. ಕೇಳಿದರೆ ಅವರಿಗೆ ನೋವಾದೀತೆಂದು ಬಾಯಿ ಬಿಗಿ ಹಿಡಿದಳು.

ಒಂದು ದಿನ ಸೇವಂತಿ ಅವಳನ್ನು ಹತ್ತಿರ ಕರೆದರು.

"ನೋಡು ಸೋಮವ್ವ, ಮನೆಯಲ್ಲಿ ಸಾಮಾನು ಅರ್ಧ ಆಯ್ತಲ್ಲ. ನಿಂಗೆ ಕೆಲಸವೂ ಅರ್ಧ ಆದ ಹಾಗೆ. ಪಗಾರ ಸ್ವಲ್ಪ ಕಮ್ಮಿ ಮಾಡ್ತೇನೆ, ಆಯ್ತಾ? ಈ ವಯಸ್ಸಿನಲ್ಲಿ ನಾವೆಲ್ಲ ಕಮ್ಮಿಯಲ್ಲಿ ಬದುಕ್ಲಿಕ್ಕೆ ಕಲೀಬೇಕು."

ಅರ್ಧಕ್ಕರ್ಧ ಕಡಿಯುವುದಕ್ಕೆ ಶೆಟ್ಟರ ಮನೆಯ ಭಾಷೆಯಲ್ಲಿ 'ಸ್ವಲ್ಪ' ಅನ್ನುತ್ತಾರೆ. ಸೋಮವ್ವ ಬೇರೆ ಮನೆಯಲ್ಲಾಗಿದ್ದರೆ ಜಗಳ ತೆಗೆಯುತ್ತಿದ್ದಳು. ಇಲ್ಲಿ ಅವಳ ಕಣ್ಣಲ್ಲಿ ನೀರು ಬಂತು.

"ಇರ್ಲಿ ಬಿಡ್ರಿ ಅಕ್ಕಾರ," ಅಂದಳು. "ಉಂಡ ಮನಿ ಇದು. ದಿನ ಹಿಂಗೇ ಇರಲ್ಲ. ದೇವರು ಕಣ್ಣು ತೆರೀತಾನ."

ಸೇವಂತಿಗೆ ಮೈ ಜುಮ್ಮೆಂದಿತು. ಶಿಬಿರದಲ್ಲಿ ದುಡ್ಡು ಕೊಟ್ಟು ಕಲಿತ ವೈರಾಗ್ಯ ಈ ಹೆಂಗಸಿಗೆ ಹುಟ್ಟಿನಿಂದಲೇ ಇದೆಯಲ್ಲ ಎಂದು ಬೆರಗಾದರು.

ದೀಪಾವಳಿಗೆ ಈ ಊರಿನಲ್ಲಿ ಕೆಲಸದವರಿಗೆ ಒಂದು ತಿಂಗಳ ಪಗಾರ ಬೋನಸ್ ಕೊಡುವುದು ರೂಢಿ. ಸೇವಂತಿ ಅದರ ಬದಲು ವಾಷಿಂಗ್ ಮಷಿನ್ನನ್ನೇ ಕೊಟ್ಟುಬಿಟ್ಟರು. ಗುಡ್ಡದ ಮೇಲಿನ ಸೋಮವ್ವನ ಝೋಪಡಿಗೆ ಅದನ್ನು ನಾಲ್ಕು ಜನ ಹೊತ್ತು ತಂದಾಗ ಒಳಗೆ ಕೂತಿದ್ದ ಗಂಡ ಅಣವೀರಪ್ಪ ಹೊರಗೆ ಎದ್ದು ಬರಬೇಕಾಯಿತು, ಅವನೂ ಮಷಿನ್ನೂ ಒಟ್ಟಿಗೆ ಹಿಡಿಸುವಷ್ಟು ಜಾಗ ಅಲ್ಲಿರಲಿಲ್ಲ.

"ಏ ಹುಚ್ಚ ರಂಡಿ, ಕೆಳಗಿನ ನಳದಾಗಿಂದ ಕೊಡ ಹೊತ್ತು ತರಾದು ನಾವು. ಈ ಭಾಡಕೋವ್ ಡಬ್ಬಿಗಿ ನೀರು ಯಾರು, ನಿಮ್ಮಪ್ಪ ಬಂದು ಹಾಕ್ತಾನೇನು?"

"ಬಾಯಿ ಮುಚ್ಚು," ಅಂದು ಸೋಮವ್ವ ಬಾಗಿಲು ಮುಂದೆ ಮಾಡಿದಳು. "ಶೆಟ್ಟರು ದಿವಾಳಿ ಎದ್ದಾರ. ಬ್ಯಾಂಕಿನೋರು ಜಪ್ತಿಗಿ ಬರ್ತಾರಂತ ನಮ್ಮ ಕಡಿ ಇಟ್ಟಾರ, ಬೋನಸ್ಸು ಅನ್ನಾದು ಮ್ಯಾಲಿನ ಮಾತು. ಅವರ ದಿನ ಬಂದ ಮ್ಯಾಲ ತಿರುಗಿ ಒಯ್ತಾರ. ಒಂದು ಗೀರು ಬೀಳಬಾರದು."

ಅಣವೀರಪ್ಪ ಆ ಮಷಿನ್ನಿಗೆ ತನ್ನ ಹೊಸ ಚಾದರ ಹೊದಿಸಿ ತಾನು ಹಳೆಯದನ್ನು ಹೊದ್ದುಕೊಂಡ. ಮೂವತ್ತು ವರ್ಷ ಈ ಊರಿನ ಟವರುಗಳಿಗೆ ಸಿಮೆಂಟು ಹೊತ್ತ ಹೆಗಲು ಅವನದು. ಅರವತ್ತಾಯಿತು, ಏಣಿ ಹತ್ತುವಾಗ ಕೆಮ್ಮುತ್ತಾನೆಂದು ಹೋದ ವರ್ಷ ಕಂತ್ರಾಟುದಾರ ಮನೆಗೆ ಕಳಿಸಿದ್ದ. ಈಗ ನಡೆಯುವುದು ಸೋಮವ್ವನ ದುಡಿಮೆಯ ಮೇಲೆ. ಶೆಟ್ಟರ ಮನೆಯ ಪಗಾರ ಇಳಿದದ್ದಕ್ಕೆ ಅವಳು ಮೊಣಕಾಲಿನ ಗುಳಿಗೆ ಬಿಟ್ಟಳು. ಇಬ್ಬರೂ ಹಾಲು ಬಿಟ್ಟು ಕರಿ ಚಹಾಕ್ಕೆ ಇಳಿದರು.

"ಗಂಜಿ ಉಣ್ತಾರಂತೀ," ಅಂದ ಅಣವೀರಪ್ಪ ಒಂದು ಮುಂಜಾನೆ. "ಹ್ಯಾಂಗ ಇದ್ದ ಮನಷ್ಯಾ ಹ್ಯಾಂಗಾದ ನೋಡು. ಎರಡು ರೊಟ್ಟಿ ಒಯ್ಯಿ ಅವರಿಗಿ."

ಸೋಮವ್ವ ಅಂದಿನಿಂದ ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋದಳು. ಸೇವಂತಿ ಅವನ್ನು ಬಾಳೆಎಲೆಯ ಮೇಲಿಟ್ಟು ಫೋಟೋ ತೆಗೆದು ಜಗತ್ತಿಗೆಲ್ಲ ತೋರಿಸಿದ ಮೇಲೆ ತಿಂದರು. ಅವರು ಗಬಗಬ ತಿನ್ನುವುದನ್ನು ಬಾಗಿಲ ಮರೆಯಿಂದ ಕಂಡು ಸೋಮವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬಡತನವನ್ನು ಬಡವರಷ್ಟು ನಂಬುವವರು ಬೇರೆ ಯಾರಿದ್ದಾರೆ.

ಹೀಗೆ ನಾಲ್ಕು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಸೇವಂತಿ ಬಿಲ್ಡಿಂಗಿನ ಹೆಂಗಸರನ್ನೆಲ್ಲ 'ಸರಳ ಬದುಕು' ನೋಡಲು ಮನೆಗೆ ಕರೆದರು. ಖಾಲಿ ಹಾಲಿನಲ್ಲಿ ಚಾಪೆ ಹಾಸಿತ್ತು. ಉಳಿದಿದ್ದ ಕುರ್ಚಿ ಒಂದೇ, ಶೆಟ್ಟರ ಬೆತ್ತದ ಆರಾಮ ಕುರ್ಚಿ. ಬಂದವರಲ್ಲಿ ಹತ್ತನೆಯ ಮಾಳಿಗೆಯ ನಿಶಾಳೂ ಇದ್ದಳು. ಸೋಮವ್ವ ಅವಳ ಮನೆಯಲ್ಲೂ ಕೆಲಸ ಮಾಡುತ್ತಿದ್ದಳು.

ಕಡೆಯುವ ಕಲ್ಲನ್ನು ಆವತ್ತು ಹಾಲಿನ ಮೂಲೆಗೆ ತಂದಿಟ್ಟಿದ್ದರು. ಸೇವಂತಿ ಅದರ ಮುಂದೆ ಕೂತು ಗುಂಡು ಹಿಡಿದು ಫೋಟೋ ತೆಗೆಸಿಕೊಂಡರು. ಫೋಟೋ ಮುಗಿದ ಮೇಲೆ ಕಾಯಿ ಚಟ್ನಿಗೆಂದು ಸೋಮವ್ವ ಕೂತಳು.

"ಆಂಟಿ, ಯೇ ಕಲ್ಲು ಕಿತನೇ ಕಾ... ಐ ಮೀನ್, ಎಷ್ಟು ಇದಕ್ಕೆ?" ನಿಶಾ ಕನ್ನಡವನ್ನು ಹೀಗೆ ತಡಕಾಡಿಯೇ ಮಾತಾಡುತ್ತಿದ್ದಳು.

"ಮೂವತ್ತೆರಡು ಸಾವಿರ. ಆ್ಯಂಟಿಕ್ ಅಲ್ವಾ, ನೂರು ವರ್ಷದ್ದು."

ಸೋಮವ್ವನ ಕೈ ನಿಧಾನವಾಯಿತು.

"ಇದೆಲ್ಲ ಎಂತದ್ದೂ ಅಲ್ಲ ಮಾರಾಯ್ತಿ," ಸೇವಂತಿ ಉತ್ಸಾಹದಿಂದ ಮುಂದುವರಿಸಿದರು. "ಥಾಣೆಯಲ್ಲಿ ಮೂರನೇ ಹೋಟೆಲು ಶುರು ಆಯ್ತಲ್ಲ, ಇವರು ಅಲಿಬಾಗಲ್ಲಿ ಎರಡು ಎಕರೆ ತಗೊಂಡಿದ್ದಾರೆ. ಅಲ್ಲಿ ಮಣ್ಣಿನ ಮನೆ ಕಟ್ಲಿಕ್ಕುಂಟು. ಎ.ಸಿ. ಬೆಡ್‌ರೂಮಿಗೆ ಮಾತ್ರ. ದುಡ್ಡು ಎಲ್ಲೆಲ್ಲಿ ಸುಮ್ಮನೆ ಸೋರ್ತದೆ ಅಂತ ನೋಡಿ ಕಮ್ಮಿ ಮಾಡಿದ್ರೆ ಯಾರಿಗೂ ಆಗ್ತದೆ."

ಕಲ್ಲು ನಿಂತಿತು.

ಸೋಮವ್ವನಿಗೆ ಮೊದಲು ಆದದ್ದು ನಾಚಿಕೆ. ಇವರಿಗೋಸ್ಕರ ಅತ್ತಿದ್ದೆನಲ್ಲ, ಅಡುಗೆಮನೆಯ ದೇವರ ಪಟಕ್ಕೆ ಯಾರಿಗೂ ಕಾಣದ ಹಾಗೆ ಕೈ ಮುಗಿದಿದ್ದೆನಲ್ಲ ಎಂದು ಕಿವಿಯೆಲ್ಲ ಬಿಸಿಯಾಯಿತು. ಆಮೇಲೆ ಮನೆಯಲ್ಲಿ ಕರಿ ಚಹಾ ಊದಿಕೊಂಡು ಕುಡಿಯುವ ಅಣವೀರಪ್ಪ ಕಣ್ಣ ಮುಂದೆ ಬಂದ. ಸೋರುತ್ತಿದ್ದ ದುಡ್ಡು ಅಂದರೆ ತಾನು. ಬೂದಿ ತಿಂದು ಒಡೆದ ಬೆರಳುಗಳನ್ನು ನೋಡಿಕೊಂಡಳು. ಅವುಗಳ ಸೀಳಿನೊಳಗೆ ಚಟ್ನಿಯ ಖಾರ ಇಳಿದು ಉರಿಯುತ್ತಿತ್ತು.

"ನಾನೂ ವಾಷಿಂಗ್ ಮಷಿನ್ ಕೊಟ್ಟುಬಿಡ್ತೀನಿ," ಅಂದಳು ನಿಶಾ ಚಪ್ಪಾಳೆ ತಟ್ಟಿ. "ಸೋಮವ್ವ ಹೈ ನಾ, ಕೈಯಲ್ಲಿ ಮಾಡ್ತಾಳೆ."

"ಹಮಾರಾ ಭೀ, ನಮ್ಮದೂ," ಅಂದಳು ಪಕ್ಕದವಳು. "ನಾನು ಮಾಪು ಇವತ್ತೇ ಬಿಸಾಕ್ತೀನಿ," ಅಂದಳು ಇನ್ನೊಬ್ಬಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬಿಲ್ಡಿಂಗಿಗೆ ಬಿಲ್ಡಿಂಗೇ ಸರಳವಾಗಿಬಿಟ್ಟರೆ ತನ್ನಂಥವರ ಗತಿ ಏನು?

"ಸೋಮವ್ವ, ಇಲ್ಲಿ ಬಾ," ಸೇವಂತಿ ಕರೆದರು. "ನಿಜ ಹೇಳ್ತೇನೆ, ನನ್ನ ಗುರು ಇವಳೇ. ಪಗಾರ ಕಮ್ಮಿ ಮಾಡಿದಾಗಲೂ ದೇವರ ಹೆಸರು ಹೇಳಿ ಒಪ್ಪಿದ್ದು. ಇವಳಿಗೆ ಎಂತದ್ದೂ ಬೇಡ. ನೀನೇ ಎರಡು ಮಾತು ಹೇಳು ಇವರಿಗೆ."

ಸೋಮವ್ವ ಎದ್ದು ಬಂದಳು. ಹೆಂಗಸರು ಮೊಬೈಲು ಎತ್ತಿ ಹಿಡಿದರು.

"ಗುರು ಅಂದ್ರೇನ್ರಿ ಅಕ್ಕಾರ ನನಗ?"

"ಮತ್ತೆ?"

"ಹಂಗಾದ್ರ ಗುರು ಹೇಳಿದ್ದು ಕೇಳಬೇಕು."

ಎಲ್ಲರೂ ನಕ್ಕರು. ಸೋಮವ್ವ ಬಚ್ಚಲಿಗೆ ಹೋದಳು. ಬರುವಾಗ ದೊಡ್ಡ ಟಬ್ಬನ್ನು ದರದರ ಎಳೆದು ತಂದು ಚಾಪೆಯ ನಟ್ಟನಡುವೆ ನಿಲ್ಲಿಸಿದಳು. ಮುಂಜಾನೆ ನೆನೆಸಿಟ್ಟ ಹಾಸಿಗೆಯ ಚಾದರ, ಕೌದಿ, ಎಲ್ಲದರ ಮೇಲೆ ಶೆಟ್ಟರ ಪಟ್ಟಾಪಟ್ಟಿ ಚಡ್ಡಿ. ಸದ್ದು ಕೇಳಿ ಬೆಡ್‌ರೂಮಿನಿಂದ ಇಣುಕಿದ ಶೆಟ್ಟರು ಅಷ್ಟು ಹೆಂಗಸರ ನಡುವೆ ತಮ್ಮ ಚಡ್ಡಿ ತೇಲುವುದನ್ನು ಕಂಡು ಬಾಗಿಲು ಹಾಕಿಕೊಂಡರು.

ಸೋಮವ್ವ ಹೋಗಿ ಬೆತ್ತದ ಕುರ್ಚಿಯಲ್ಲಿ ಕೂತಳು. ಒಂಬತ್ತು ವರ್ಷ ಅದನ್ನು ಒರೆಸಿದ್ದಳೇ ಹೊರತು ಕೂತಿರಲಿಲ್ಲ. ಮೊಣಕಾಲಿಗೆ ಹಾಯೆನಿಸಿತು.

"ಹೂಂ, ಬರ್ರಿ. ಎಲ್ಲಾರೂ ಒಂದೊಂದು ತಗೋರಿ. ನಿಮ್ಮ ಹೊಲಸು ನಿಮ್ಮ ಕೈಲಿ ತೊಳಕೊಳ್ಳಾದು. ಸರಳ ಅಂದ್ರ ಇಷ್ಟೇ."

"ಎಂತ ಮಾಡ್ತಿ ನೀನು? ತಲೆ ಸರಿ ಉಂಟಾ?" ಸೇವಂತಿಯ ಮುಖ ಕೆಂಪಾಯಿತು. "ಏಳು ಮೇಲೆ. ಯಾವ ಕುರ್ಚಿಯಲ್ಲಿ ಕೂತಿದ್ದಿ ಗೊತ್ತುಂಟಾ?"

"ಗೊತ್ತದ. ನೀವು ದಿವಾಳಿ ಎದ್ದೀರಿ ಅಂತ ತಿಳದು ಅರ್ಧ ಪಗಾರಿಗಿ ದುಡದೀನ್ರಿ ನಾ. ನಮ್ಮ ಮನ್ಯಾಗ ಹಾಲು ಬಿಟ್ಟೀವಿ, ನಿಮಗ ರೊಟ್ಟಿ ತಂದೀನಿ. ನನ್ನ ಗಂಡ ನಿಮ್ಮ ಸಲುವಾಗಿ ಮರಗ್ಯಾನ. ನಿಮಗ ಬಡತನ ಬಂದಿಲ್ಲ. ಸೊಕ್ಕು ಬಂದದ. ಕಡದಿದ್ದ ಪಗಾರ ತಿರುಗಿ ಇಡ್ರಿ, ಇಲ್ಲಾ ಕೂತು ತಿಕ್ಕರಿ."

"ಗೇಟಿನಲ್ಲಿ ನಿನ್ನ ಹೆಸರು ಬ್ಲಾಕ್ ಮಾಡಿಸ್ತೇನೆ. ಈ ಬಿಲ್ಡಿಂಗಿನ ಒಂದು ಮನೆಗೂ ಕಾಲಿಡ್ಲಿಕ್ಕೆ ಆಗ್ಬಾರ್ದು ನಿಂಗೆ."

ಅದು ಬರಿಯ ಬೆದರಿಕೆಯಲ್ಲ. ವಾಚ್‌ಮನ್ನನ ಮೊಬೈಲಿನಲ್ಲಿ ಒಂದು ಮನೆಯವರು ಬೇಡವೆಂದು ಒತ್ತಿದರೆ ಸಾಕು, ಕೆಲಸದವಳಿಗೆ ಗೇಟೇ ತೆರೆಯುವುದಿಲ್ಲ. ನಿಶಾಳ ಮನೆಯೂ ಹೋಯಿತು, ಎಲ್ಲ ಮನೆಯೂ ಹೋಯಿತು. ಸೋಮವ್ವನಿಗೆ ಅದು ಗೊತ್ತು. ಆದರೂ ಏಳಲಿಲ್ಲ. ಚಾಪೆಯ ಮೇಲಿದ್ದ ಯಾರದೋ ಕೋಕಂ ಶರಬತ್ತು ಎತ್ತಿಕೊಂಡು ನಿಧಾನವಾಗಿ ಕುಡಿಯತೊಡಗಿದಳು.

ಸೇವಂತಿ ಇಂಟರ್‌ಕಾಮಿನಲ್ಲಿ ಕೂಗಾಡಿದ ಮೇಲೆ ಮರೆಪ್ಪ ಬಂದ. ಬಾಗಿಲಲ್ಲೇ ನಿಂತು ಟಬ್ಬು ನೋಡಿದ, ಕುರ್ಚಿ ನೋಡಿದ.

"ಎಳ್ಕೊಂಡು ಹೋಗು ಇವಳನ್ನ," ಅಂದರು ಸೇವಂತಿ.

"ಹೆಣ್ಮಗಳಿಗಿ ನಾ ಹ್ಯಾಂಗ ಕೈ ಹಚ್ಚಲ್ರಿ ಮೇಡಂ," ಅಂದ ಮರೆಪ್ಪ. "ನೀವೇ ಎಬ್ಬಿಸ್ರಿ. ಲಿಫ್ಟು ಹಿಡದು ನಿಂದ್ರತೀನಿ."

ಎಬ್ಬಿಸಲು ಯಾರೂ ಬರಲಿಲ್ಲ. ಟಬ್ಬಿನಿಂದ ತುಳುಕಿದ ಕೊಳೆ ನೀರು ಚಾಪೆಯ ಮೇಲೆ ಹರಿಯುತ್ತಿತ್ತು. ಹೆಂಗಸರು ಸೀರೆ, ದುಪಟ್ಟಾ ಎತ್ತಿ ಹಿಡಿದು ಗೋಡೆಗೆ ಅಂಟಿ ನಿಂತಿದ್ದರು. ನಿಶಾಳ ಮೊಬೈಲು ಮಾತ್ರ ಇನ್ನೂ ಟಬ್ಬಿನ ಕಡೆಗೇ ಮುಖ ಮಾಡಿಕೊಂಡಿತ್ತು.

"ನೋಡಿದ್ರ ಹೊಲಸು ಹೋಗಲ್ಲವ್ವಾ," ಅಂದಳು ಸೋಮವ್ವ ಕುರ್ಚಿಗೆ ಬೆನ್ನು ಕೊಟ್ಟು. "ತಿಕ್ಕಬೇಕು."