ಹುಳುಮನೆಯಲ್ಲಿ ತೂರಾಡಿದ ಅಳಿಯ

ಕಾರ್ತಿಕ ಮಾಸದ ಒಂದು ಸಂಜೆ, ದನ ಕೊಟ್ಟಿಗೆಗೆ ಬರುವ ಹೊತ್ತು. ಎಪ್ಪತ್ತೈದನೇ ಇಸವಿ ಇರಬೇಕು. ಬೈರಕೂರಿನಲ್ಲಿ ನನ್ನ ತಂಗಿ ಮುತ್ಯಾಲಮ್ಮನ ಮನೆಯ ರೇಷ್ಮೆಹುಳುಗಳು ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದು ಸೊಪ್ಪು ಸೊಪ್ಪು ಎನ್ನುತ್ತಿದ್ದವು. ಎಷ್ಟು ಕೈ ಇದ್ದರೂ ಸಾಲದ ಕಾಲ. ಅದಕ್ಕೇ ಅವಳ ಮಗಳು ಅನಸೂಯ, ಅಳಿಯ ನರಸಿಂಹಪ್ಪ ಕುರುಡುಮಲೆಯಿಂದ ಬಂದಿದ್ದರು. ಅಳಿಯ ಮಿಲಿಟರಿಯಲ್ಲಿ ದೊಡ್ಡ ಫಿರಂಗಿಗಳ ಪಕ್ಕ ನಿಂತು ಯುದ್ಧ ಮಾಡಿ ಬಂದವನು.

ಗಾಳಿ ಬೆಳಕು ತಾಗದಂತೆ ಹುಳುಮನೆಯ ಬಾಗಿಲಿಗೆ ಗೋಣಿತಾಟು ಇಳಿಬಿಟ್ಟಿತ್ತು. ಸೊಪ್ಪಿನ ಬುಟ್ಟಿ ಹೊತ್ತು ಒಳಗೆ ಹೋದ ನರಸಿಂಹಪ್ಪ ನಾಲ್ಕು ಹೆಜ್ಜೆಗೇ ತೂರಾಡಿ ತಟ್ಟೆಗಳ ಮೇಲೆ ಬಿದ್ದ. ಹುಳುಗಳೆಲ್ಲ ನೆಲದ ಪಾಲಾದವು.

ಕುಡಿದವರು ಹುಳುಮನೆಗೆ ಕಾಲಿಡಬಾರದು, ವಾಸನೆಗೆ ಹುಳು ಕೆಡುತ್ತವೆ ಎಂದು ನಮ್ಮ ಕಡೆ ಕಟ್ಟುನಿಟ್ಟು.

“ತಾಗುಬೋತು,” ಅಂದಳು ಮುತ್ಯಾಲಮ್ಮ. ಸಿಟ್ಟು ಬಂದರೆ ಅವಳ ಬಾಯಿಗೆ ತೆಲುಗೇ ಮೊದಲು ಬರುವುದು. “ಕುಡ್ಕೊಂಡು ನನ್ನ ಹುಳುಮನೆಗೇ ಬಂದವ್ನೆ. ಗೂಡು ಬಿಡಿಸಿದ್ಮೇಲೆ ಅವನೊಬ್ನೇ ಊರಿಗೆ ಹೋಗ್ಲಿ. ಮಗಳು ಇಲ್ಲೇ ಇರ್ತಾಳೆ.”

ಅನಸೂಯ ನೆಲದ ಹುಳುಗಳನ್ನು ಒಂದೊಂದಾಗಿ ಎತ್ತುತ್ತಿದ್ದಳು. ಅಳಿಯ ತಾನು ಕುಡಿದಿಲ್ಲ ಅನ್ನಲಿಲ್ಲ. ಅದೇ ನನಗೆ ಸೋಜಿಗ. ಅವನನ್ನು ಎತ್ತಿ ಕೂರಿಸಿದವನು ನಾನು. ಬಾಯಲ್ಲಿ ಹುರುಳಿಸಾರಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಮರುದಿನ ಬೆಳಗ್ಗೆ ಅವನ ಕಾಲನ್ನೇ ನೋಡುತ್ತಾ ಕೂತೆ. ಸೊಪ್ಪಿನ ಹೊರೆ ಹೊತ್ತು ತೋಟದ ಬದುವಿನ ಮೇಲೆ ನೆಟ್ಟಗೆ ನಡೆದು ಬಂದ. ತೊಟ್ಟಿಯ ಹತ್ತಿರ ನಿಂತು ಮುಖಕ್ಕೆ ಸೋಪು ಹಚ್ಚಿದನೋ ಇಲ್ಲವೋ, ಎತ್ತು ಜಗ್ಗಿದ ಗೂಟದ ಹಾಗೆ ವಾಲಿ ತೊಟ್ಟಿಯ ಅಂಚು ಹಿಡಿದುಕೊಂಡ.

ಹತ್ತಿರ ಹೋಗಿ ಕಿವಿಯ ಬಳಿ ಜೋರಾಗಿ ಕೇಳಿದೆ. ಮೆಲ್ಲಗೆ ಅಂದರೆ ಅವನಿಗೆ ಕೇಳಿಸುತ್ತಿರಲಿಲ್ಲ. “ಏನಪ್ಪಾ, ಸೋಪಿಗೂ ಅಮಲು ಏರ್ತದಾ?”

ಮುಖ ತೊಳೆದುಕೊಂಡು ನಕ್ಕ. “ಕಣ್ಣು ಮುಚ್ಚಿದ್ರೆ ನೆಲ ಎಲ್ಲಿದೆ ಅಂತ ಗೊತ್ತಾಗಲ್ಲ ಮಾವ. ಕತ್ಲಲ್ಲೂ ಅಷ್ಟೇ. ಫಿರಂಗಿ ಸದ್ದಿಗೆ ಕಿವಿ ಒಳಗೆ ಕೆಟ್ಟೋಗಿದೆಯಂತೆ. ಮಿಲಿಟರಿ ಡಾಕ್ಟ್ರು ಹೇಳಿದ್ರು.”

“ಕಿವಿಗೂ ಕಾಲಿಗೂ ಏನೋ ಸಂಬಂಧ?”

“ನಾನೂ ಅದನ್ನೇ ಕೇಳ್ದೆ. ಮನುಷ್ಯನ ತಕ್ಕಡಿ ಮುಳ್ಳು ಕಿವೀಲೇ ಇರ್ತದಂತೆ.”

“ಮತ್ತೆ ನಿಮ್ಮತ್ತೆಗೆ ಹೇಳೋಕೇನು?”

“ಕುಡುಕ ಅಂದ್ರೆ ಒಂದಿನ ಬಿಡ್ತಾನೆ ಅಂತ ಆಸೆ ಇರ್ತದೆ. ಇದು ವಾಸಿಯಾಗಲ್ಲ ಅಂದ್ರೆ ಮಗಳನ್ನ ಕಳಿಸ್ತಾರಾ?”

ಆ ತಕ್ಕಡಿ ಮುಳ್ಳು ನನ್ನ ತಲೆಯಿಂದ ಹೋಗಲಿಲ್ಲ. ಹುಲ್ಲಿನ ಮೆದೆಯ ಹಿಂದೆ ಹೋಗಿ ಕಣ್ಣು ಮುಚ್ಚಿ ನಿಂತು ನೋಡಿದೆ. ಬೀಳಲಿಲ್ಲ. ಕಿವಿಗೆ ಬೆರಳು ಇಟ್ಟುಕೊಂಡು ನಿಂತರೂ ಬೀಳಲಿಲ್ಲ. ಆಮೇಲೆ ಇನ್ನೊಂದು ಕಂಡಿತು. ಕತ್ತಲಾದ ಮೇಲೆ ಮನೆಯೊಳಗೆ ಅವನು ಗೋಡೆಗೆ ಬೆರಳು ಸೋಕಿಸಿಕೊಂಡು ನಡೆದಷ್ಟು ದೂರ ತೂರಾಡುತ್ತಿರಲಿಲ್ಲ. ಭಾರ ಹಾಕುತ್ತಿರಲಿಲ್ಲ, ಬರೀ ಸೋಕಿಸುತ್ತಿದ್ದ.

ಹುಳುಮನೆಯಲ್ಲಿ ಬಾಗಿಲಿನಿಂದ ಕೊನೆಯ ಕಂಬದವರೆಗೆ ಸೊಂಟದ ಎತ್ತರಕ್ಕೆ ಒಂದು ನಾರಿನ ಹಗ್ಗ ಕಟ್ಟಿ ತಂಗಿಯನ್ನು ಕರೆದೆ.

“ಇಲ್ಲಿ ಬಟ್ಟೆ ಒಣಗಾಕ್ತೀಯೇನಣ್ಣಾ?”

“ಸುಮ್ನೆ ನೋಡು.”

ನರಸಿಂಹಪ್ಪ ತಲೆಯ ಮೇಲೆ ಬುಟ್ಟಿ ಹೊತ್ತು, ಹಗ್ಗಕ್ಕೆ ಒಂದು ಬೆರಳು ಸೋಕಿಸಿಕೊಂಡು, ಆ ಮಬ್ಬಿನಲ್ಲಿ ಕೊನೆಯವರೆಗೆ ಹೋಗಿ ಬಂದ. ಬೆರಳು ತೆಗಿ ಅಂದೆ. ತೆಗೆದು ಎರಡು ಹೆಜ್ಜೆ ಇಟ್ಟವನು ನನ್ನ ಮೇಲೇ ವಾಲಿದ. ಬೆರಳು ಇಟ್ಟ, ಮತ್ತೆ ನೆಟ್ಟಗೆ ನಡೆದ.

ಮುತ್ಯಾಲಮ್ಮ ಹಗ್ಗವನ್ನು ಜಗ್ಗಿ ನೋಡಿದಳು. “ಹಗ್ಗ ಮುಟ್ಟಿದ್ರೆ ಇಳಿಯೋ ಅಮಲು ಯಾವೂರಲ್ಲೂ ಇಲ್ಲ,” ಅಂದಳು ಕೊನೆಗೆ.

“ಇದು ಕಿವಿ ಕೆಟ್ಟಿರೋದು ಅತ್ತೆ. ವಾಸಿಯಾಗಲ್ಲ,” ಅಂದ ಅವನು.

ಅವಳು ಮಗಳ ಕಡೆ ನೋಡಿದಳು.

“ಕತ್ಲಾದ್ರೆ ನನ್ನ ಸೆರಗಿನ ತುದಿ ಹಿಡ್ಕೋತಾರೆ,” ಅಂದಳು ಅನಸೂಯ. “ಊರೋರು ನಗ್ತಾರೆ ಅಂತ ಬಿಡಿಸ್ಕೋತಿದ್ದೆ. ಇನ್ಮೇಲೆ ಹಿಡ್ಕೊಳ್ಳಿ ಬಿಡಮ್ಮಾ.”

ಮುತ್ಯಾಲಮ್ಮ ಇನ್ನೊಂದು ಬುಟ್ಟಿ ಸೊಪ್ಪು ತುಂಬಿ ಅಳಿಯನ ಕೈಗೆ ಕೊಟ್ಟಳು.

ಗೂಡು ಬಿಡಿಸಿ ಮುಗಿಯುವಾಗ ಮಂಗಳವಾರವಾಗಿತ್ತು. ಮಂಗಳವಾರ ಮನೆಮಗಳನ್ನು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಬುಧವಾರ, ಮುಳಬಾಗಿಲಿನ ಬಸ್ಸಿಗೆ, ಅನಸೂಯ ಗಂಡನ ಜೊತೆ ಹೊರಟಳು.